ಕೊಬ್ಬರಿ ಅಟ್ಟದ ಕೊತ್ತಿ ಸಂಸಾರ

ತಿಪಟೂರು ಸೀಮೆಯ ತೆಂಗಿನ ಮನೆಗಳಲ್ಲಿ ಕೆಳಗೆ ಜನ, ಅಟ್ಟದ ಮೇಲೆ ಕಾಯಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿದರೆ ಅದು ಹತ್ತು ಹನ್ನೆರಡು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದಾಗ ಗಿಟುಕು ಉರುಳುವ ಸದ್ದು ಕೇಳಿದ ಮೇಲೆಯೇ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುವುದು. ವರ್ಷದ ದುಡಿಮೆ ವರ್ಷವಿಡೀ ತಲೆಯ ಮೇಲೆ ಕೂತಿರುತ್ತದೆ. ಇಲಿ ಒಂದೇ ಒಂದು ತೂತು ಕೊರೆದರೂ ಆ ಕಾಯಿ ಹೋದ ಹಾಗೆಯೇ: ಗಾಳಿ, ತೇವ ಒಳಗೆ ಸೇರಿ ಬೂಷ್ಟು ಹಿಡಿಯುತ್ತದೆ, ಉಂಡೆ ಉಂಡೆಯಾಗಿ ಉಳಿಯುವುದಿಲ್ಲ. ಈ ಅಟ್ಟವನ್ನು ಹಗಲೂ ರಾತ್ರಿ ಕಾಯುವುದು ಮನೆಯ ಕೊತ್ತಿ.

ಅರಳಗುಪ್ಪೆಯ ಹೆಸರನ್ನು ಹೊರಗಿನವರು ಕೇಳಿರುವುದು ಕಲ್ಲೇಶ್ವರ ಗುಡಿಯ ಛಾವಣಿಯಲ್ಲಿ ಕುಣಿಯುವ ಶಿವನಿಂದ, ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯಿಂದ. ಅಲ್ಲಿಂದ ತಿಪಟೂರಿನ ಕಡೆಗೆ ಹೊರಡಿ, ತುರುವೇಕೆರೆಗೆ ಹೊರಡಿ, ಚಿಕ್ಕನಾಯಕನಹಳ್ಳಿಯ ದಾರಿ ಹಿಡಿಯಿರಿ, ಉದ್ದಕ್ಕೂ ತೆಂಗು, ತೋಟದ ನಡುವೆ ಒಂಟಿ ಮನೆಗಳು. ಆ ಮನೆಗಳಲ್ಲಿ ಬೆಕ್ಕಿಲ್ಲದ ಮನೆ ಹುಡುಕುವುದು ಕಷ್ಟ. ಒಂದೇ ಬೆಕ್ಕಿರುವ ಮನೆ ಹುಡುಕುವುದು ಇನ್ನೂ ಕಷ್ಟ.

ಇಲ್ಲಿ ಬೆಕ್ಕನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ, ಅದೇ ಬರುತ್ತದೆ. ಕೆಲವು ನೆಂಟರ ಮನೆಯಿಂದ ಬುಟ್ಟಿಯಲ್ಲಿ ಬರುತ್ತವೆ. ಕೆಲವನ್ನು ಯಾರೋ ಗೋಣಿಚೀಲಕ್ಕೆ ತುಂಬಿ ತಂದು ಕೆರೆ ಏರಿಯ ಮೇಲೋ, ಹೆದ್ದಾರಿ ಬದಿಯ ಹೋಟೆಲಿನ ಹಿಂದೆಯೋ, ಸಂತೆ ಮಾಳದಲ್ಲೋ ಸುರಿದು ಹೋಗಿರುತ್ತಾರೆ. ಇನ್ನು ಗಬ್ಬವಾದವು ತಾವಾಗಿಯೇ ಅಟ್ಟ ಹುಡುಕಿಕೊಂಡು ಬರುತ್ತವೆ. ಕಾಯಿ ರಾಶಿಯ ಸಂದು ಬೆಚ್ಚಗಿರುತ್ತದೆ, ಕತ್ತಲಾಗಿರುತ್ತದೆ, ನಾಯಿಗೆ ಎಟುಕುವುದಿಲ್ಲ. ಹೆರಿಗೆಗೆ ಇದಕ್ಕಿಂತ ಒಳ್ಳೆಯ ಜಾಗ ಬೆಕ್ಕಿಗೆ ಎಲ್ಲಿ ಸಿಕ್ಕೀತು? ತಾಯಿಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಹಳಬರು ಹೇಳುತ್ತಾರೆ. ಏಳರ ಲೆಕ್ಕ ಏನೇ ಇರಲಿ, ಜಾಗ ಬದಲಿಸುವುದಂತೂ ನಿಜ. ಹೆತ್ತ ಜಾಗದಲ್ಲಿ ಮರಿಗಳ ವಾಸನೆ ಹೆಚ್ಚಿದಂತೆ ನಾಯಿಯೋ ಗಂಡುಬೆಕ್ಕೋ ಮೂಸುತ್ತಾ ಬರುವ ಭಯ ಅದಕ್ಕೆ. ಯಾವುದೋ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ತೆಂಗಿನ ಚಿಪ್ಪಿನಲ್ಲಿ ಹಾಲಿಟ್ಟರೆ ಆ ಸುತ್ತಾಟ ಅಲ್ಲಿಗೆ ನಿಲ್ಲುತ್ತದೆ.

ಮುಂದಿನದು ಬರೀ ಲೆಕ್ಕ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು. ಗರ್ಭದ ಅವಧಿ 63ರಿಂದ 65 ದಿನ. ಒಂದು ಸೂಲಿಗೆ ನಾಲ್ಕು ಮರಿ ಸಾಮಾನ್ಯ, ಮರಿಗಳು ಇನ್ನೂ ಮೊಲೆ ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು. ಬೆಕ್ಕಿನ ಅಂಡ ಬಿಡುಗಡೆಯಾಗುವುದೇ ಗಂಡಿನೊಡನೆ ಕೂಡಿದ ಮೇಲೆ. ಆದ್ದರಿಂದ ಕೂಡಿದರೆ ಗರ್ಭ ತಪ್ಪುವುದು ಕಡಿಮೆ, ಒಂದೇ ಸೂಲಿನ ಮರಿಗಳಿಗೆ ಇಬ್ಬರು ಮೂವರು ತಂದೆಯರೂ ಇರಬಹುದು. ಚಳಿಯ ದೇಶಗಳಲ್ಲಿ ಹಗಲು ಗಿಡ್ಡವಾಗುವ ತಿಂಗಳುಗಳಲ್ಲಿ ಬೆಕ್ಕುಗಳ ಬೆದೆ ನಿಲ್ಲುತ್ತದೆ. ನಮ್ಮ ಕಡೆ ಹಗಲಿನ ಉದ್ದ ಅಷ್ಟೇನೂ ಏರುಪೇರಾಗುವುದಿಲ್ಲ, ಹಾಗಾಗಿ ಆ ಬಿಡುವೂ ಇಲ್ಲ. ಯುಗಾದಿಗೆ ಒಂದಿದ್ದ ಬೆಕ್ಕು ದೀಪಾವಳಿಗೆ ಏಳೆಂಟಾಗಿರುವುದು ಹೀಗೆ.

ಮನೆಯವರ ಕಣ್ಣಿಗೆ ಬೀಳುವುದು ಉಳಿದ ಮರಿಗಳು. ಉಳಿಯದವುಗಳ ಲೆಕ್ಕ ಯಾರೂ ಇಡುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಪಶುವೈದ್ಯರು ಬೀದಿ ಬೆಕ್ಕುಗಳ 169 ಮರಿಗಳನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ತಿಂಗಳು ತುಂಬುವುದರೊಳಗೆ ಅವುಗಳಲ್ಲಿ 127 ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ಅಂದರೆ ಶೇ 75. ಸಾವಿನ ಕಾರಣ ಗೊತ್ತಾದವುಗಳಲ್ಲಿ ಹೆಚ್ಚಿನವು ನಾಯಿಗಳ ಬಾಯಿಗೆ, ವಾಹನಗಳ ಚಕ್ರಕ್ಕೆ ಸಿಕ್ಕಿದವು. ನಮ್ಮ ರಸ್ತೆ ಬದಿಗಳನ್ನು ನೋಡಿದವರಿಗೆ ಈ ಲೆಕ್ಕ ಪರದೇಶದ್ದು ಅನ್ನಿಸುವುದಿಲ್ಲ. ಬೆಕ್ಕಿನ ಮೇಲೆ ಪ್ರೀತಿ ಇರುವ ಮನೆ ಮೊದಲು ಯೋಚಿಸಬೇಕಾದದ್ದು ಹಾಲಿನ ಬಟ್ಟಲಿನ ವಿಚಾರವನ್ನಲ್ಲ, ಶಸ್ತ್ರಚಿಕಿತ್ಸೆಯ ವಿಚಾರವನ್ನು.

ಆ ಮಾತಿಗೆ ಹೋಗುವ ಮುನ್ನ ಬೆಕ್ಕು ಮತ್ತು ಇಲಿಯ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡಬೇಕು, ಏಕೆಂದರೆ "ಇಲಿ ಹಿಡಿಯಲಿ, ಇರಲಿ ಬಿಡಿ" ಎಂಬ ಮಾತಿನಿಂದಲೇ ಮನೆಗಳಲ್ಲಿ ಬೆಕ್ಕು ತುಂಬುವುದು.

ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡತೊಡಗಿದಾಗ ಇಲಿ ಬಂತು, ಇಲಿಯ ಹಿಂದೆ ಕಾಡಿನ ಬೆಕ್ಕು ಬಂತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಅದರ ವಯಸ್ಸು ಸುಮಾರು 9,500 ವರ್ಷ. ಆ ದ್ವೀಪದಲ್ಲಿ ಹುಟ್ಟಾ ಬೆಕ್ಕುಗಳಿರಲಿಲ್ಲ, ಯಾರೋ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದರು. ನಮ್ಮಲ್ಲಿ ಮಕ್ಕಳಿಗೆಲ್ಲ ಗೊತ್ತಿರುವ ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಕೃಷ್ಣದೇವರಾಯ ಇಲಿಕಾಟ ತಡೆಯಲು ಮನೆಮನೆಗೆ ಬೆಕ್ಕು ಹಂಚುತ್ತಾನೆ, ಅದಕ್ಕೆ ಹಾಲಿಗೆಂದು ಹಸುವನ್ನೂ ಕೊಡುತ್ತಾನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದು ಪ್ಲೇಗಮ್ಮನ ಗುಡಿಗಳು ಎದ್ದವು. ಅದಾದ ಸುಮಾರು ಹತ್ತು ವರ್ಷಕ್ಕೆ ಅಮರಾವತಿಯಲ್ಲಿದ್ದ ಸರ್ಕಾರಿ ವೈದ್ಯ ಆಂಡ್ರ್ಯೂ ಬುಕಾನನ್ ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗ್ ಕಡಿಮೆ ಎಂದು ವಾದಿಸಿ, ಬೆಕ್ಕು ಸಾಕಿ ಎಂದು ಬರೆದ. ಬೆಕ್ಕಿಗೂ ಪ್ಲೇಗ್ ತಗಲುತ್ತದೆ ಎಂಬುದು ಈಗ ತಿಳಿದಿದೆ, ಆದರೂ ಅವನ ವಾದದ ಬೇರು ಊರಿನ ಅನುಭವದಲ್ಲೇ ಇತ್ತು.

ಹಾಗಾದರೆ ಹತ್ತು ಬೆಕ್ಕಿದ್ದರೆ ಹತ್ತು ಪಟ್ಟು ಇಲಿ ಕಡಿಮೆಯಾಗುತ್ತವೆಯೇ? ಇಲ್ಲ. ನ್ಯೂಯಾರ್ಕಿನ ತ್ಯಾಜ್ಯ ಸಂಸ್ಕರಣಾ ಕಟ್ಟಡವೊಂದರಲ್ಲಿ ಹೆಗ್ಗಣಗಳ ದೊಡ್ಡ ವಸಾಹತನ್ನು ಸಂಶೋಧಕರು ಕ್ಯಾಮೆರಾ ಇಟ್ಟು 79 ದಿನ ಗಮನಿಸಿದರು. ಅಲ್ಲಿ ಓಡಾಡಿದ ಬೀದಿ ಬೆಕ್ಕುಗಳು ಅಷ್ಟು ದಿನದಲ್ಲಿ ಕೊಂದದ್ದು ಎರಡೇ ಹೆಗ್ಗಣ. ಬೆಕ್ಕು ಸಣ್ಣಿಲಿಗೆ ಶತ್ರು, ದೊಡ್ಡ ಹೆಗ್ಗಣದ ತಂಟೆಗೆ ಹೋಗುವುದು ಕಡಿಮೆ. ಆದರೆ ಬೆಕ್ಕಿನ ವಾಸನೆ ಇದ್ದಲ್ಲಿ ಇಲಿ ಮೈಮರೆತು ಓಡಾಡುವುದಿಲ್ಲ. ಅಟ್ಟಕ್ಕೆ ಬೇಕಾಗಿರುವುದೂ ಅಷ್ಟೇ, ಅದಕ್ಕೆ ಒಂದೋ ಎರಡೋ ಬೆಕ್ಕು ಧಾರಾಳ.

ತೋಟದ ಇಲಿಯ ಕಥೆ ಬೇರೆ. ಎಳನೀರು ಕೊರೆದು ಬೀಳಿಸುವ ಕಪ್ಪಿಲಿ ಮರದ ತಲೆಯಲ್ಲೇ ಗೂಡು ಮಾಡಿ, ಗರಿಯಿಂದ ಗರಿಗೆ ದಾಟಿಕೊಂಡು ಹೋಗುತ್ತದೆ. ಅಲ್ಲಿಗೆ ಬೆಕ್ಕಿನ ಕಾವಲು ಮುಟ್ಟುವುದಿಲ್ಲ. ಇದಕ್ಕೆ ಕಾಂಡದ ಸುತ್ತ ನುಣುಪಾದ ತಗಡು ಸುತ್ತುವುದು, ಐದು ಮರಕ್ಕೆ ಒಂದರಂತೆ ತಲೆಯಲ್ಲಿ ಬ್ರೊಮಾಡಿಯೊಲೋನ್ ಮೇಣದ ಬಿಲ್ಲೆ ಇಡುವುದು ತೆಂಗು ತಜ್ಞರು ಹೇಳುವ ದಾರಿಗಳು. ಬೆಕ್ಕಿರುವ ಮನೆಯವರು ಇಲ್ಲಿ ಎಚ್ಚರವಾಗಿರಬೇಕು. ಈ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡು ಕೆಲವು ದಿನ ಮಂಕಾಗಿ ಓಡಾಡುತ್ತದೆ. ಹಿಡಿಯಲು ಸುಲಭವಾದ ಆ ಇಲಿಯನ್ನು ಬೆಕ್ಕು ತಿಂದರೆ ವಿಷ ಅದರ ಮೈಗೂ ಸೇರಿ, ಒಳಗೊಳಗೇ ರಕ್ತಸ್ರಾವವಾಗುತ್ತದೆ. ವಸಡು ಬಿಳಿಚಿಕೊಂಡು, ಬೆಕ್ಕು ಮೂಲೆ ಸೇರಿ ಕೂತರೆ ಕಾಯಬಾರದು. ವಿಟಮಿನ್ ಕೆ1 ಇದಕ್ಕೆ ಮದ್ದು, ಪಶುವೈದ್ಯರಿಗೆ ಯಾವ ಪಾಷಾಣ ಇಟ್ಟಿದ್ದೆವು ಎಂದು ಹೆಸರು ಸಮೇತ ಹೇಳಿದರೆ ಜೀವ ಉಳಿಸಲು ಸಾಧ್ಯ. ಮನೆಯ ಹತ್ತಿರದ ಮರಗಳಿಗೆ, ಅಟ್ಟಕ್ಕೆ ವಿಷ ಬೇಡ, ತಗಡು ಮತ್ತು ಬೋನು ಸಾಕು.

ಇಲಿಗಾಗಿ ತಂದ ಬೆಕ್ಕು ಊರನ್ನೇ ತುಂಬಿದ್ದಕ್ಕೆ ಜಪಾನಿನ ಆಓಶಿಮಾ ದ್ವೀಪ ಉದಾಹರಣೆ. ಮೀನುಗಾರರ ದೋಣಿಗಳಲ್ಲಿ ಇಲಿ ಕಾಟವೆಂದು ಅಲ್ಲಿಗೆ ಬೆಕ್ಕು ತಂದರು. ಆಮೇಲೆ ಕೆಲಸ ಹುಡುಕಿಕೊಂಡು ಜನ ಊರು ಬಿಟ್ಟರು, ವಯಸ್ಸಾದ ಬೆರಳೆಣಿಕೆಯ ಮಂದಿ ಉಳಿದರು, ಬೆಕ್ಕುಗಳು ಅವರನ್ನು ಮೀರಿ ಬೆಳೆದವು. ಕೊನೆಗೆ 2018ರಲ್ಲಿ ಆ ದ್ವೀಪದ ಬೆಕ್ಕುಗಳಿಗೆ ಸಾಮೂಹಿಕವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದಿರುವ ನಮ್ಮ ಊರುಗಳಿಗೆ ಆ ದ್ವೀಪ ತೀರಾ ದೂರದ್ದೇನಲ್ಲ. ಸಂಜೆ ಹೊತ್ತು ಮಾತಿಗೆ ಜೊತೆಯಾಗಿ ಬೆಕ್ಕು ಕಾಲಿಗೆ ಸುತ್ತಿಕೊಳ್ಳುತ್ತದೆ, ಅದನ್ನು ಆಚೆ ಅಟ್ಟಲು ಮನಸ್ಸು ಬರುವುದಿಲ್ಲ. ಅಟ್ಟಬೇಕಾಗಿಯೂ ಇಲ್ಲ. ಮಾಡಬೇಕಾದ ಕೆಲಸವೇ ಬೇರೆ.

ಆ ಕೆಲಸ ಶಸ್ತ್ರಚಿಕಿತ್ಸೆ. ಹೆಣ್ಣುಬೆಕ್ಕಿಗೆ ಅಂಡಾಶಯ ಮತ್ತು ಗರ್ಭಕೋಶ ತೆಗೆಯುತ್ತಾರೆ, ಗಂಡಿಗೆ ಬೀಜ. ಗಂಡಿನದು ಸಣ್ಣ ಕೆಲಸ, ಹೆಣ್ಣಿನದು ಹೊಟ್ಟೆ ಕೊಯ್ದು ಮಾಡಬೇಕಾದದ್ದು. ಮರಿಗೆ ಐದು ತಿಂಗಳು ತುಂಬುವುದರೊಳಗೆ, ಅಂದರೆ ಮೊದಲ ಬೆದೆಗೆ ಮುಂಚೆಯೇ ಮಾಡಿಸಬೇಕೆಂಬುದು ಈಗಿನ ಪಶುವೈದ್ಯರ ಒಲವು. ಒಂದು ಸೂಲು ಆಗಲಿ, ಆಮೇಲೆ ಮಾಡಿಸೋಣ ಎಂಬ ಮಾತು ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಓಡಾಡುತ್ತದೆ. ಅದರಿಂದ ಬೆಕ್ಕಿಗೆ ಯಾವ ಒಳ್ಳೆಯದೂ ಇಲ್ಲ. ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದ ಹೆಣ್ಣುಬೆಕ್ಕಿಗೆ ಮುಂದೆ ಮೊಲೆಯ ಕ್ಯಾನ್ಸರ್ ಬರುವ ಸಂಭವ ಶೇ 91ರಷ್ಟು ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ಹೇಳಿದೆ. ಶಸ್ತ್ರಚಿಕಿತ್ಸೆಯಾದ ಬೆಕ್ಕು ಸೋಮಾರಿಯಾಗಿ ಇಲಿ ಹಿಡಿಯುವುದನ್ನು ಬಿಡುತ್ತದೆ ಎಂಬ ಅಂಜಿಕೆಯೂ ಬೇಡ. ಬೇಟೆಯ ಬುದ್ಧಿ ಬೀಜದಲ್ಲಿಲ್ಲ. ಬೆದೆಯ ಕೂಗು, ರಾತ್ರಿಯ ಜಗಳ, ಊರೂರು ಅಲೆದಾಟ ಕಡಿಮೆಯಾಗಿ ಬೆಕ್ಕು ಮನೆಯ ಹತ್ತಿರವೇ ಉಳಿಯುತ್ತದೆ.

ಎಲ್ಲಕ್ಕೂ ಒಟ್ಟಿಗೆ ಮಾಡಿಸಲು ಕೈಯಲ್ಲಿ ಕಾಸಿಲ್ಲದಿದ್ದರೆ ಹೆಣ್ಣುಗಳಿಂದ ಶುರು ಮಾಡಬೇಕು. ಮರಿಯ ಬಾಲದ ಕೆಳಗೆ ನೋಡಿ ಗಂಡೋ ಹೆಣ್ಣೋ ಹೇಳುವುದು ಅನುಭವ ಇಲ್ಲದವರಿಗೆ ಕಷ್ಟ. ಬಣ್ಣ ಸ್ವಲ್ಪ ನೆರವಾಗುತ್ತದೆ. ಕಪ್ಪು, ಕೆಂಚು, ಬಿಳಿ ಮೂರೂ ಬೆರೆತ ಬೆಕ್ಕು ಬಹುತೇಕ ಹೆಣ್ಣೇ ಆಗಿರುತ್ತದೆ, ಅಂಥ ಸಾವಿರಾರು ಬೆಕ್ಕುಗಳಲ್ಲಿ ಒಂದು ಗಂಡು ಸಿಕ್ಕರೆ ಹೆಚ್ಚು. ಕೆಂಚು ಬಣ್ಣದ ಜೀನು ಎಕ್ಸ್ ವರ್ಣತಂತುವಿನ ಮೇಲಿರುವುದು ಇದಕ್ಕೆ ಕಾರಣ. ಸಾಮಾನ್ಯವಾಗಿ ಎರಡು ಎಕ್ಸ್ ಇರುವ ಹೆಣ್ಣಿನಲ್ಲಿ ಮಾತ್ರ ಕೆಂಚೂ ಕಪ್ಪೂ ಒಟ್ಟಿಗೆ ಕಾಣಿಸಲು ಸಾಧ್ಯ. ಪೂರಾ ಕೆಂಚು ಬೆಕ್ಕುಗಳಲ್ಲಿ ಗಂಡುಗಳೇ ಜಾಸ್ತಿ.

ಹೋಗುವುದೆಲ್ಲಿಗೆ? ತಾಲ್ಲೂಕು ಪಶು ಆಸ್ಪತ್ರೆಯ ದಿನ ಹಸು, ಎಮ್ಮೆ, ಕುರಿಗಳಲ್ಲೇ ಕಳೆಯುತ್ತದೆ. ಅಲ್ಲಿ ಬೆಕ್ಕಿನ ಶಸ್ತ್ರಚಿಕಿತ್ಸೆ ಮಾಡುತ್ತಾರೆಯೇ, ಯಾವ ದಿನ ಎಂದು ಮೊದಲೇ ಕೇಳಿಕೊಂಡು ಹೋಗಬೇಕು. ತಿಪಟೂರಿನವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ಹೋಗಿಬರುವ ದೂರದಲ್ಲೇ ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಇನ್ನೊಂದು ಕಾಲೇಜಿದೆ. ಕ್ರಿಸ್ಟಲ್ ರಾಜರ್ಸ್ 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕ್ಯೂಪಾದಂಥ ಸಂಸ್ಥೆಗಳು ಮೂರು ದಶಕಗಳಿಂದ ಬೀದಿಪ್ರಾಣಿಗಳ ಆರೈಕೆ ಮಾಡುತ್ತಾ ಬಂದಿವೆ. ಕರೆದೊಯ್ಯುವಾಗ ಗೋಣಿಚೀಲ ಬೇಡ, ಅದರಲ್ಲಿ ಉಸಿರು ಕಟ್ಟುತ್ತದೆ, ಬೆಕ್ಕು ಹೆದರಿ ಕೈಗೆ ಕಚ್ಚುತ್ತದೆ. ಕೋಳಿ ಮುಚ್ಚುವ ಮಂಕರಿಗೆ ಗಟ್ಟಿ ಬಟ್ಟೆ ಕಟ್ಟಿದರೂ ಆದೀತು, ಎರಡು ತರಕಾರಿ ಕ್ರೇಟುಗಳನ್ನು ಎದುರುಬದುರು ಬಿಗಿದರೂ ಆದೀತು. ಮೇಲೆ ಬಟ್ಟೆ ಹೊದಿಸಿ ಕತ್ತಲು ಮಾಡಿದರೆ ಬೆಕ್ಕು ಸುಮ್ಮನಾಗುತ್ತದೆ. ಎಷ್ಟು ಹೊತ್ತು ಉಪವಾಸ ಇರಿಸಬೇಕೆಂದು ವೈದ್ಯರನ್ನೇ ಕೇಳಬೇಕು, ಮರಿಗಳನ್ನು ದೊಡ್ಡ ಬೆಕ್ಕಿನಷ್ಟು ಹೊತ್ತು ಹಸಿದಿಡುವಂತಿಲ್ಲ. ಯಾರ ಕೈಗೂ ಸಿಗದ ತೋಟದ ಬೆಕ್ಕಿಗೆ ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಚೂರು ಕತ್ತರಿಸುವ ರೂಢಿ ಹಲವು ದೇಶಗಳಲ್ಲಿದೆ. ದೂರದಿಂದ ನೋಡಿದರೂ ಇದಕ್ಕೆ ಆಗಿದೆ ಎಂದು ತಿಳಿಯುತ್ತದೆ, ಮತ್ತೊಮ್ಮೆ ಹಿಡಿದು ಹಿಂಸಿಸುವುದು ತಪ್ಪುತ್ತದೆ.

ಹೊಸ ಬೆಕ್ಕು ಮನೆ ಸೇರಿದ ದಿನ ಮಕ್ಕಳಿಗೆ ಸಂಭ್ರಮ. ಅದೇ ದಿನ ಅದನ್ನು ಉಳಿದ ಬೆಕ್ಕುಗಳ ನಡುವೆ ಬಿಟ್ಟರೆ ಎರಡು ಅಪಾಯ, ಒಂದು ಜಗಳದ್ದು, ಇನ್ನೊಂದು ರೋಗದ್ದು. ಎರಡಕ್ಕೂ ಮದ್ದು ಬೇರೆ ಕೋಣೆ. ಕನಿಷ್ಠ ಎರಡು ವಾರ ಹೊಸ ಬೆಕ್ಕು ಪ್ರತ್ಯೇಕ ಇರಲಿ, ಅದರ ತಟ್ಟೆ, ಮಲದ ತೊಟ್ಟಿ ಎಲ್ಲವೂ ಪ್ರತ್ಯೇಕ. ಬೆಕ್ಕುಗಳ ಮನೆಗೆ ಯಮನಂತೆ ಎರಗುವುದು ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗ. ವಾಂತಿ, ಭೇದಿ, ಜ್ವರ ಬಂದು ಮರಿಗಳು ಒಂದರ ಹಿಂದೆ ಒಂದು ಸಾಯುತ್ತವೆ. 2025ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಬೆಕ್ಕುಗಳಿಗೆ ಈ ರೋಗ ತಗಲಿದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ಈ ವೈರಸ್ ನೆಲದಲ್ಲಿ, ಗೋಣಿಯಲ್ಲಿ, ಪಾತ್ರೆಯಲ್ಲಿ ವರ್ಷದವರೆಗೂ ಉಳಿಯಬಲ್ಲದು, ಸೋಪಿಗೆ ಬಗ್ಗುವುದಿಲ್ಲ, ಬ್ಲೀಚ್ ದ್ರಾವಣಕ್ಕೆ ಸಾಯುತ್ತದೆ. ಬೆಕ್ಕಿರುವ ಮನೆಯ ನೆಲಕ್ಕೆ ಫಿನಾಯಿಲ್ ಮಾತ್ರ ಬೇಡ. ಫೀನಾಲ್ ಇರುವ ದ್ರಾವಣಗಳನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಿಕೊಳ್ಳಲಾರದು, ಕಾಲಿಗೆ ಅಂಟಿದ್ದನ್ನು ನೆಕ್ಕಿಕೊಂಡರೂ ವಿಷವಾಗುತ್ತದೆ. ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಜ್ವರ ಎಂದು ಮನುಷ್ಯರ ಮಾತ್ರೆಯ ಒಂದು ತುಂಡು ಕೊಟ್ಟು ಬೆಕ್ಕನ್ನು ಕಳೆದುಕೊಂಡ ಮನೆಗಳಿವೆ.

ಲಸಿಕೆ ದುಬಾರಿ ಎನ್ನಿಸಬಹುದು, ಐದಾರು ಬೆಕ್ಕುಗಳಿರುವ ಮನೆಗೆ ಅದು ತಪ್ಪಿಸಲಾಗದ ಖರ್ಚು. ಪ್ಯಾನ್‌ಲ್ಯೂಕೋಪೀನಿಯಾ ಸೇರಿ ಮೂರು ರೋಗಗಳ ಲಸಿಕೆಯನ್ನು ಮರಿಗೆ ಎಂಟು ವಾರದ ಸುಮಾರಿಗೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡಿಸುತ್ತಾರೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ರೇಬಿಸ್ ಎಂದರೆ ನಾಯಿ ಎಂದಷ್ಟೇ ತಿಳಿದವರು ಬಹಳ. ನಾಯಿ ಕಚ್ಚಿದ ಬೆಕ್ಕಿಗೂ ರೇಬಿಸ್ ಬರುತ್ತದೆ, ಅದು ಕಚ್ಚಿದರೆ, ಪರಚಿದರೆ ಮನುಷ್ಯರಿಗೂ ಬರುತ್ತದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅರಿಶಿನ, ಸುಣ್ಣ ಏನನ್ನೂ ಮೆತ್ತದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಕ್ಕೆ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಹಾಕುತ್ತಾರೆ. ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕಿನ ಮಲವನ್ನು ಬೇರೆಯವರು ದಿನವೂ ತೆಗೆಯಬೇಕು. ಟಾಕ್ಸೊಪ್ಲಾಸ್ಮಾ ಪರಾವಲಂಬಿಯ ತತ್ತಿಗಳು ಮಲದಲ್ಲಿ ಬಂದ ಮೇಲೆ ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು, ದಿನಾ ತೆಗೆದರೆ ಅದಕ್ಕೆ ಅವಕಾಶವೇ ಇಲ್ಲ. ಬೆಕ್ಕನ್ನು ಮನೆ ಬಿಡಿಸಬೇಕಾಗಿಲ್ಲ.

ಪ್ರತ್ಯೇಕ ಇಟ್ಟ ದಿನಗಳಲ್ಲೇ ಪರಿಚಯವೂ ಶುರುವಾಗಲಿ. ಬೆಕ್ಕುಗಳು ಒಂದನ್ನೊಂದು ಮೊದಲು ಅರಿಯುವುದು ಮೂಗಿನಿಂದ. ಹೊಸದು ಮಲಗಿದ ಹಳೆ ಪಂಚೆಯ ತುಂಡನ್ನು ಹಳೆಯವುಗಳ ಜಾಗಕ್ಕೂ, ಅವುಗಳದ್ದನ್ನು ಇದರ ಕೋಣೆಗೂ ಹಾಕಿದರೆ ವಾಸನೆ ಪರಿಚಯವಾಗುತ್ತದೆ. ಆಮೇಲೆ ಬಾಗಿಲಿನ ಆಚೆ ಈಚೆ ತಟ್ಟೆ ಇಟ್ಟು ಊಟ, ಆಮೇಲೆ ಬಾಗಿಲು ಒಂದಿಷ್ಟು ತೆರೆದು, ಆಮೇಲೆ ಮನೆಯವರು ಎದುರಿಗಿರುವಾಗ ಮುಖಾಮುಖಿ. ಗುರುಗುಟ್ಟಿದರೆ ಬೈದು ಪ್ರಯೋಜನವಿಲ್ಲ, ಒಂದು ಹೆಜ್ಜೆ ಹಿಂದೆ ಹೋಗಬೇಕು. ಕೆಲವು ಬೆಕ್ಕುಗಳಿಗೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು.

ಒಟ್ಟಿಗಿರುವ ಬೆಕ್ಕುಗಳ ಜಗಳದ ಮೂಲ ಹುಡುಕಿದರೆ ಹೆಚ್ಚಾಗಿ ಸಿಗುವುದು ಮನೆಯವರ ಏರ್ಪಾಟಿನ ಕೊರತೆ. ಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಜೀವಿ. ಒಂದೇ ದೊಡ್ಡ ತಟ್ಟೆಗೆ ಅನ್ನ ಸುರಿದು ಎಲ್ಲವನ್ನೂ ಕರೆದರೆ ಬಲಿಷ್ಠ ಗಂಡು ತಿನ್ನುತ್ತದೆ, ಅಂಜುಬುರುಕಿ ತಿರುಗಿ ಹೋಗುತ್ತದೆ. ತಟ್ಟೆಗಳು ಬೇರೆ ಬೇರೆ ಇರಬೇಕು, ಒಂದಕ್ಕೊಂದು ಕಾಣದಷ್ಟು ದೂರವಿದ್ದರೆ ಮೇಲು. ಮಲಕ್ಕೆ ತೊಟ್ಟಿಗಳನ್ನಿಟ್ಟರೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ. ಇದಕ್ಕೆ ಪಟ್ಟಣದವರು ಅಂಗಡಿಯಿಂದ ಜೇಡಿಮಣ್ಣಿನ ಹರಳು ತರುತ್ತಾರೆ. ತೆಂಗಿನ ಸೀಮೆಯವರಿಗೆ ನಾರಿನ ಪುಡಿ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಒಣಗಿದ ನಾರಿನ ಪುಡಿ ತೇವವನ್ನೂ ವಾಸನೆಯನ್ನೂ ಚೆನ್ನಾಗಿ ಹೀರುತ್ತದೆ, ಬೆಕ್ಕಿಗೆ ಕೆದಕಲು ಹಿತ. ಗಂಡುಬೆಕ್ಕು ಬಾಲ ಎತ್ತಿ ಗೋಡೆಗೆ, ಮೂಟೆಗೆ ಉಚ್ಚೆ ಹಾರಿಸುವುದು ಗಡಿ ಗುರುತು. ಕೊಬ್ಬರಿ ಮೂಟೆಗೆ ಆ ನಾತ ಹತ್ತಿದರೆ ಬಿಡುವುದೇ ಇಲ್ಲ. ಬೀಜ ತೆಗೆಸಿದ ಹತ್ತು ಗಂಡುಗಳಲ್ಲಿ ಸುಮಾರು ಒಂಬತ್ತರಲ್ಲಿ ಈ ಚಾಳಿ ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ.

ಎತ್ತರ ಇನ್ನೊಂದು ಮುಖ್ಯ ವಿಚಾರ. ಬೆಕ್ಕಿಗೆ ನೆಲದ ವಿಸ್ತಾರಕ್ಕಿಂತ ಏರಿ ಕೂರುವ ಜಾಗಗಳು ಮುಖ್ಯ. ಒಂದು ಬಂದರೆ ಇನ್ನೊಂದು ಮೇಲಕ್ಕೆ ಸರಿದು ಮರ್ಯಾದೆಯಿಂದ ದಾರಿ ಬಿಡುತ್ತದೆ, ಜಗಳವೇ ಹುಟ್ಟುವುದಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇದಕ್ಕಾಗಿ ಗೋಡೆಗೆ ಹಲಗೆ ಹೊಡೆಸುತ್ತಾರೆ. ತೊಲೆ, ಜಂತೆ, ಅಟ್ಟದ ಏಣಿ, ಹಂಚಿನ ಕೆಳಗಿನ ಅಡ್ಡಪಟ್ಟಿ ಇರುವ ಹಳೆಯ ಮನೆಗಳು ಈ ದೃಷ್ಟಿಯಿಂದ ಬೆಕ್ಕಿಗೆಂದೇ ಕಟ್ಟಿದಂತಿವೆ. ಅವನ್ನು ಕೆಡವಿ ತಾರಸಿ ಕಟ್ಟುವಾಗ ಈ ಎತ್ತರಗಳು ಹೋಗುತ್ತವೆ. ಹೊಸ ಮನೆಗೆ ಬಂದ ಮೇಲೆ ಬೆಕ್ಕುಗಳು ಕಚ್ಚಾಡತೊಡಗಿದರೆ ಎರಡು ಗಟ್ಟಿ ಹಲಗೆ, ಒಂದು ಎತ್ತರದ ಗೂಡು ಮಾಡಿಕೊಟ್ಟು ನೋಡಬೇಕು.

ಊಟದ ವಿಚಾರ ಈ ಸೀಮೆಯಲ್ಲಿ ಸೂಕ್ಷ್ಮ. ಎಷ್ಟೋ ಮನೆಗಳಲ್ಲಿ ಮೊಟ್ಟೆಯೂ ಹೊಸಿಲು ದಾಟುವುದಿಲ್ಲ. ಬೆಕ್ಕಿಗೆ ಸಿಗುವುದು ಹಾಲನ್ನ, ಮೊಸರನ್ನ, ಹಾಲಿಗೆ ಕಿವುಚಿದ ರಾಗಿಮುದ್ದೆ. ಇಲಿ, ಓತಿಕ್ಯಾತ, ಹಲ್ಲಿ ಹಿಡಿದು ತಿನ್ನುವ ಬೆಕ್ಕು ಉಳಿದದ್ದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಮನೆಯೊಳಗೇ ಇರುವ ಬೆಕ್ಕಿಗೆ, ಮುದಿಬೆಕ್ಕಿಗೆ, ಮರಿಗೆ ಅದು ಸಾಧ್ಯವಿಲ್ಲ. ಬೆಕ್ಕಿನ ದೇಹ ಟಾರಿನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಅದಿಲ್ಲದಿದ್ದರೆ ಕಣ್ಣಿನ ಅಕ್ಷಿಪಟ ಕೆಡುತ್ತದೆಂದು 1975ರಲ್ಲಿ, ಹೃದಯದ ಸ್ನಾಯು ಸೋಲುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿದರು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಜೀರ್ಣವೂ ಆಗದೆ ಭೇದಿಯಾಗುತ್ತದೆ. ಅಡುಗೆಮನೆಯ ನೇಮ ಮುರಿಯದೆ ಬೆಕ್ಕಿಗೆ ನ್ಯಾಯ ಸಲ್ಲಿಸಲು ಇರುವ ದಾರಿಯೆಂದರೆ ಪೊಟ್ಟಣದ ಒಣ ಆಹಾರವನ್ನು ಹಿತ್ತಿಲಲ್ಲೋ ಕೊಟ್ಟಿಗೆಯಲ್ಲೋ ಬೇರೆ ಡಬ್ಬಿಯಲ್ಲಿಟ್ಟು ದಿನಕ್ಕೆರಡು ಹೊತ್ತು ಹಾಕುವುದು. ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ಇದರಿಂದ ಹಕ್ಕಿಗಳಿಗೂ ಒಳ್ಳೆಯದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ತಿಂದ ಸಾಕುಬೆಕ್ಕುಗಳು ಮನೆಗೆ ಹಿಡಿದು ತಂದ ಬೇಟೆ ಶೇ 36ರಷ್ಟು ಕಡಿಮೆಯಾಗಿತ್ತು. ದಿನಕ್ಕೆ ಐದು ಹತ್ತು ನಿಮಿಷ ಆಟವಾಡಿಸಿದ ಮನೆಗಳಲ್ಲಿ ಶೇ 25ರಷ್ಟು ಕಡಿಮೆ. ತೋಟದ ಸೂರಕ್ಕಿ, ಅಳಿಲುಗಳ ಮೇಲೆ ಕನಿಕರವಿರುವವರು ದಾರದ ತುದಿಗೆ ಗರಿಯ ಚೂರು ಕಟ್ಟಿ ಬೆಕ್ಕನ್ನು ಆಡಿಸಬಹುದು, ರಾತ್ರಿ ಒಳಗೆ ಕೂಡಬಹುದು.

ತಾಯಿಯಿಲ್ಲದ ಮರಿಗಳು ಸಿಕ್ಕಾಗ ಮೊದಲ ಕೆಲಸ ಕಾಯುವುದು. ತಾಯಿ ಬೇಟೆಗೆ ಹೋಗಿರಬಹುದು, ಬೇರೆ ಜಾಗಕ್ಕೆ ಒಂದೊಂದಾಗಿ ಸಾಗಿಸುತ್ತಿರಬಹುದು. ನಾಯಿಯ ಭಯವಿಲ್ಲದಿದ್ದರೆ ದೂರ ನಿಂತು ಕೆಲವು ತಾಸು ನೋಡಬೇಕು. ತಾಯಿ ಬಾರದೇ ಹೋದರೆ ಮೊದಲು ಬೆಚ್ಚಗೆ ಮಾಡಬೇಕು, ಹಾಲು ಆಮೇಲೆ. ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ. ಹಸುವಿನ ಹಾಲಿನ ಬದಲು ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ಕದಡಿ, ಮರಿಯನ್ನು ಹೊಟ್ಟೆ ಕೆಳಗಾಗಿ ಮಲಗಿಸಿ ಕುಡಿಸಬೇಕು. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಿದರೆ ಮಾತ್ರ ಉಚ್ಚೆ, ಕಕ್ಕ ಆಗುತ್ತದೆ, ತಾಯಿ ನೆಕ್ಕಿ ಮಾಡುವ ಕೆಲಸವದು. ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಎರಡು ದಿನ ತೂಕ ಏರದಿದ್ದರೆ ಏನೋ ಕೆಟ್ಟಿದೆ ಎಂದು ಅರ್ಥ. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಮುಂದೆ ಅಂಜದೆ ಬೆಳೆಯುತ್ತದೆ. ಹೊಲದ ಬದುವಿನಲ್ಲಿ, ಪೊದೆಯಲ್ಲಿ ಸಿಕ್ಕ ಮರಿ ಉದ್ದ ಕಾಲು, ಗಿಡ್ಡ ಬಾಲದ್ದಾಗಿದ್ದರೆ ಅದು ಕಾಡುಬೆಕ್ಕಿನದ್ದಿರಬಹುದು. ವನ್ಯಜೀವಿಯನ್ನು ಮನೆಯಲ್ಲಿ ಸಾಕುವಂತಿಲ್ಲ, ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು.

ಹೆಚ್ಚಾದ ಬೆಕ್ಕುಗಳನ್ನು ಗೋಣಿಯಲ್ಲಿ ಕಟ್ಟಿ ದೂರ ಬಿಟ್ಟು ಬರುವುದು ಪಾಪ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ, ಕಾನೂನೂ ಹಾಗೇ ಹೇಳುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ಅದು ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ, ಆರು ದಶಕ ಕಳೆದರೂ ಅದು ಏರದಿರುವುದು ಬೇಸರದ ಸಂಗತಿ. ಕೊಲ್ಲುವುದು, ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಗೊತ್ತಿಲ್ಲದ ಊರಿನಲ್ಲಿ ಸುರಿದ ಬೆಕ್ಕಿಗೆ ಅಲ್ಲಿನ ಬೆಕ್ಕುಗಳು ಜಾಗ ಕೊಡುವುದಿಲ್ಲ, ನಾಯಿಗಳಿಂದ ತಪ್ಪಿಸಿಕೊಳ್ಳಲು ಯಾವ ಗೋಡೆ ಏರಬೇಕೆಂಬುದೂ ಅದಕ್ಕೆ ತಿಳಿದಿರುವುದಿಲ್ಲ.

ಒಂದು ಮನೆಗೆ ಎಷ್ಟು ಬೆಕ್ಕು ಸರಿ ಎಂಬ ಪ್ರಶ್ನೆಗೆ ಅಂಕಿಯ ಉತ್ತರವಿಲ್ಲ. ಹೆಸರು ಹಿಡಿದು ಕರೆದು, ಈ ದಿನ ಯಾವುದು ಊಟಕ್ಕೆ ಬಂದಿಲ್ಲ ಎಂದು ಸಂಜೆ ಹೇಳಬಲ್ಲಷ್ಟು ಇದ್ದರೆ ಸರಿ. ಅದನ್ನು ಮೀರಿದರೆ ಕಾಯಿಲೆ ಬಿದ್ದದ್ದು ಸತ್ತ ಮೇಲಷ್ಟೇ ಗೊತ್ತಾಗುತ್ತದೆ. ಮೊಮ್ಮಗುವನ್ನು ನೋಡಿಕೊಳ್ಳಲು ಅಜ್ಜಿ ಮೂರು ತಿಂಗಳು ಬೆಂಗಳೂರಿಗೆ ಹೋದಾಗ ಬೆಕ್ಕುಗಳಿಗೆ ಅನ್ನ ಹಾಕುವವರು ಯಾರು ಎಂಬುದನ್ನೂ ಮೊದಲೇ ಪಕ್ಕದ ತೋಟದವರೊಡನೆ ಮಾತಾಡಿಕೊಂಡಿರಬೇಕು.

ಮನೆಯವರಷ್ಟರಿಂದಲೇ ಇದೆಲ್ಲ ಆಗುವುದಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಗಮನ ಹೆಚ್ಚಾಗಿ ಬೀದಿನಾಯಿಗಳ ಮೇಲೆ. ಮುಂಬೈ ಮಹಾನಗರ ಪಾಲಿಕೆ ಬೆಕ್ಕುಗಳಿಗೂ ಸಂತಾನಹರಣ ಕಾರ್ಯಕ್ರಮ ನಡೆಸಿದೆ, ತಾಲ್ಲೂಕು ಮಟ್ಟಕ್ಕೆ ಆ ಯೋಚನೆ ಇನ್ನೂ ಇಳಿಯಬೇಕಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಪಶು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಬೆಕ್ಕುಗಳಿಗೆಂದು ಮೀಸಲಿಟ್ಟರೆ, ಹಾಸನ ಅಥವಾ ಹೆಬ್ಬಾಳದ ಕಾಲೇಜಿನ ವಿದ್ಯಾರ್ಥಿಗಳು ಕೈಜೋಡಿಸಿದರೆ ಎರಡು ಮೂರು ವರ್ಷದಲ್ಲಿ ಊರಿನ ಚಿತ್ರ ಬದಲಾದೀತು. ಗ್ರಾಮಸಭೆಯಲ್ಲಿ ಬೀದಿದೀಪ, ಚರಂಡಿಯ ಜೊತೆಗೆ ಇದನ್ನೂ ಕೇಳಬಹುದು. ಅರ್ಜಿಯ ಜೊತೆ ಊರಿನ ಬೆಕ್ಕುಗಳ ಪಟ್ಟಿ ಕೊಟ್ಟರೆ, ಯಾವ ತೋಟದ ಮನೆಯಲ್ಲಿ ಎಷ್ಟು, ಅವುಗಳಲ್ಲಿ ಹೆಣ್ಣೆಷ್ಟು, ಗಬ್ಬವಾದವು ಯಾವುವು ಎಂದು ಬರೆದಿದ್ದರೆ, ಎಷ್ಟು ಅರಿವಳಿಕೆ ತರಿಸಬೇಕು, ಯಾವ ಊರಿಗೆ ಮೊದಲು ದಿನ ಕೊಡಬೇಕು ಎಂದು ವೈದ್ಯರು ಅಂದಾಜು ಮಾಡಿಕೊಳ್ಳಬಹುದು.